ಬಯಲುಸೀಮೆಯ ಕಾಲಿಗೆ ಮಯೋರ್ಕಾದ ಬೆಟ್ಟ: ಮೊದಲು ಇಳಿಯುವುದನ್ನು ಕಲಿಯಿರಿ

ವಿಜಯಪುರ, ಬಾಗಲಕೋಟೆ ಕಡೆಯವರಿಗೆ ಸೈಕಲ್ ಅಂದ್ರೆ ಹೊಸದಾಗಿ ಹೇಳಿಕೊಡಬೇಕಾದ್ದೇನಿಲ್ಲ. ಜಾತ್ರೆಯಲ್ಲಿ ಸೈಕಲ್ ರೇಸ್ ಇಡುವ ಊರುಗಳು ನಮ್ಮವು. ರಾಷ್ಟ್ರಮಟ್ಟದಲ್ಲಿ ಪದಕ ತಂದ ಹುಡುಗ ಹುಡುಗಿಯರೂ ಇದೇ ರಸ್ತೆಗಳಲ್ಲಿ ತುಳಿದು ಬೆಳೆದವರು. ಈಗ ರೋಡ್ ಬೈಕ್ ಇಟ್ಟುಕೊಂಡವರು ಜಾಸ್ತಿಯಾಗಿದ್ದಾರೆ. ಅವರಲ್ಲಿ ಕೆಲವರಿಗಾದರೂ ಸ್ಪೇನ್, ಇಟಲಿ, ಫ್ರಾನ್ಸ್ ಕಡೆಯ ಬೆಟ್ಟಗಳಲ್ಲಿ ಒಂದು ಸಲ ಸೈಕಲ್ ಹೊಡೆಯಬೇಕು ಅನ್ನುವ ಆಸೆ ಇದೆ. ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: ನಮ್ಮದು ಸಪಾಟು ನೆಲ, ಅಷ್ಟು ದೊಡ್ಡ ಏರು ಹತ್ತೋಕೆ ಆಗುತ್ತಾ?

ಆಗುತ್ತದೆ. ಅದಕ್ಕೆ ಜಾಸ್ತಿ ತಲೆ ಕೆಡಿಸಿಕೊಳ್ಳಬೇಡಿ. ಆಷಾಢದ ಗಾಳಿಗೆ ಎದೆ ಕೊಟ್ಟು ತಿಕೋಟಾ ರಸ್ತೆಯಲ್ಲಿ ಎರಡು ತಾಸು ತುಳಿದ ಕಾಲಿಗೆ ಶೇ. 6–7ರ ಏರು ದೊಡ್ಡ ಸಂಗತಿಯಲ್ಲ. ನಮಗೆ ಬಾರದಿರುವುದು ಇಳಿಯುವುದು. ಒಂದು ತಾಸು ಬೆಟ್ಟ ಹತ್ತಿ, ಅದೇ ದಣಿದ ಮೈಯಲ್ಲಿ ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಂದು, ತಿರುವಿಗೆ ಮುಂಚೆ ವೇಗ ಇಳಿಸಿ, ಎದುರಿನ ಬಸ್ಸಿಗೆ ಜಾಗ ಬಿಟ್ಟು ಹೇರ್‌ಪಿನ್ ದಾಟುವುದನ್ನು ಬಯಲಲ್ಲಿ ಬೆಳೆದವರಿಗೆ ಕಲಿಸುವವರು ಯಾರು? ಈ ಬರಹದ ಮುಖ್ಯ ಮಾತು ಅದೇ.

ಎಲ್ಲಿಗೆ, ಯಾವಾಗ

ಮೊದಲ ಸಲಕ್ಕೆ ಸ್ಪೇನಿನ ಮಯೋರ್ಕಾ ದ್ವೀಪ. ನನ್ನ ಮಟ್ಟಿಗೆ ಇದರಲ್ಲಿ ಎರಡನೇ ಮಾತಿಲ್ಲ. ದ್ವೀಪದ ವಾಯವ್ಯ ಅಂಚಿನ ಉದ್ದಕ್ಕೂ ಟ್ರಮುಂತಾನಾ ಬೆಟ್ಟಸಾಲು ಇದೆ, 2011ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಜಾಗ. ಒಣಗಲ್ಲಿನ ಒಡ್ಡು ಕಟ್ಟಿ ಮೆಟ್ಟಿಲು ಮೆಟ್ಟಿಲಾಗಿ ಆಲಿವ್ ಬೆಳೆಸಿದ ಇಳಿಜಾರುಗಳು, ನಡುವೆ ನುಣ್ಣನೆಯ ಡಾಂಬರು ರಸ್ತೆ. ದ್ವೀಪದ ಮಧ್ಯಭಾಗ ಬಹುಪಾಲು ಬಯಲು. ಹಾಗಾಗಿ ಕಾಲು ಸೋತ ದಿನ ಕೋಣೆಯಲ್ಲಿ ಸುಮ್ನೆ ಕೂರಬೇಕಿಲ್ಲ, ಬಯಲಲ್ಲಿ ಹಗುರವಾಗಿ ತಿರುಗಾಡಬಹುದು. ಏರುಗಳೂ ಹದವಾಗಿವೆ. ಕೈಮಾರಿ ಊರಿಂದ ಕೋಲ್ ದೆ ಸಾ ಬತಾಯಾ ಅನ್ನುವ ಕಣಿವೆ ದಾರಿಗೆ ಸುಮಾರು 8 ಕಿ.ಮೀ., ಸರಾಸರಿ ಶೇ. 5. ಸೋಯೆರ್ ಊರಿಂದ ಪುಚ್ ಮಜೋರ್ ಶಿಖರದ ಕಡೆ ಸುಮಾರು 14 ಕಿ.ಮೀ., ಸರಾಸರಿ ಶೇ. 6. ಶೇ. 6 ಅಂದ್ರೆ 100 ಮೀಟರ್ ಮುಂದೆ ಹೋದಾಗ 6 ಮೀಟರ್ ಮೇಲೆ ಹೋಗಿರುತ್ತೀರಿ, ಅಷ್ಟೇ.

ಇಟಲಿಯ ಟಸ್ಕನಿ ಚೆಂದ, ಆದರೆ ಮೋಸದ ನೆಲ. ದೊಡ್ಡ ಬೆಟ್ಟ ಕಾಣುವುದಿಲ್ಲ, ಒಂದಾದ ಮೇಲೊಂದು ಸಣ್ಣ ದಿನ್ನೆ ಬರುತ್ತಲೇ ಇರುತ್ತದೆ, ಸಂಜೆಗೆ ಲೆಕ್ಕ ಹಾಕಿದರೆ ಒಂದು ಘಾಟ್ ಹತ್ತಿದಷ್ಟಾಗಿರುತ್ತದೆ. ಕಿಯಾಂಟಿ ಮತ್ತು ಸಿಯೆನಾ ಸುತ್ತಲಿನ ಬಿಳಿ ಮಣ್ಣಿನ ರಸ್ತೆಗಳಿಗೆ ದಪ್ಪ ಟೈರ್ ಬೇಕು. ಬಾದಾಮಿ, ಮಹಾಕೂಟ, ಪಟ್ಟದಕಲ್ಲು ಸುತ್ತ ತಿರುಗಿದವರಿಗೆ ಆ ಏರಿಳಿತದ ಲಯ ಸ್ವಲ್ಪ ಗೊತ್ತಾಗುತ್ತದೆ. ಇನ್ನು ಫ್ರಾನ್ಸಿನ ಮೋಂ ವಾಂತು ಬೇರೆಯದೇ ಲೆಕ್ಕ. ಬೆದ್ವಾಂ ಊರಿಂದ ಸುಮಾರು 21 ಕಿ.ಮೀ. ಏರು, ತುದಿ 1,900 ಮೀಟರಿಗಿಂತ ಎತ್ತರ. ಕೊನೆಯ 6 ಕಿ.ಮೀ.ಗೆ ಮರದ ನೆರಳಿಲ್ಲ, ಬರೀ ಬಿಳಿ ಸುಣ್ಣಕಲ್ಲು, ಮೇಲೆ ಮಿಸ್ತ್ರಾಲ್ ಅನ್ನುವ ಅಲ್ಲಿನ ಜೋರು ಗಾಳಿ. 1967ರ ಟೂರ್ ಡಿ ಫ್ರಾನ್ಸ್‌ನಲ್ಲಿ ಬ್ರಿಟನ್ನಿನ ಟಾಮ್ ಸಿಂಪ್ಸನ್ ತುದಿ ಹತ್ತಿರವಿರುವಾಗ ಕುಸಿದು ತೀರಿಕೊಂಡದ್ದು ಇದೇ ಬೆಟ್ಟದ ಮೇಲೆ. ಅದನ್ನು ಎರಡನೇ ಪ್ರವಾಸಕ್ಕೆ ಇಟ್ಟುಕೊಳ್ಳಿ.

ಮಯೋರ್ಕಾಕ್ಕೆ ಮಾರ್ಚ್ ಕೊನೆಯಿಂದ ಮೇ ತನಕ, ಇಲ್ಲವೇ ಸೆಪ್ಟೆಂಬರ್ ಕೊನೆ ಮತ್ತು ಅಕ್ಟೋಬರ್ ಒಳ್ಳೆಯ ಕಾಲ. ಬಿಸಿಲು ನಮಗೆ ಹೊಸದಲ್ಲ ನಿಜ, ಹಾಗಂತ ಜುಲೈ ಆಗಸ್ಟ್ ಆರಿಸಬೇಡಿ. ಆಗ ಬಿಸಿಲಿಗಿಂತ ಪ್ರವಾಸಿಗರ ಕಾರುಗಳದ್ದೇ ಕಾಟ.

ವೀಸಾ ವಿಷಯ ಚಿಕ್ಕದಾಗಿ: ಸ್ಪೇನ್, ಇಟಲಿ, ಫ್ರಾನ್ಸ್ ಮೂರಕ್ಕೂ ಒಂದೇ ಶೆಂಗೆನ್ ವೀಸಾ. ಅದಕ್ಕೆ ಕನಿಷ್ಠ 30,000 ಯೂರೋ ವೈದ್ಯಕೀಯ ವಿಮೆ ಕಡ್ಡಾಯ. ಪಾಲಿಸಿ ತೆಗೆದುಕೊಳ್ಳುವಾಗ ಸೈಕ್ಲಿಂಗ್‌ನಲ್ಲಿ ಬಿದ್ದರೆ ಖರ್ಚು ಕೊಡುತ್ತಾರಾ ಅಂತ ಸ್ಪಷ್ಟವಾಗಿ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ತೆಗೆದುಕೊಳ್ಳಿ.

ಏರಿಗೆ ಗೇರ್, ಗೇರಿಗೆ ಗಾಳಿ

ಸಪಾಟು ರಸ್ತೆಯಲ್ಲಿ ಓಡಿಸುವವರು ದೊಡ್ಡ ಗೇರಿನ ಮೇಲೆ ಅಭಿಮಾನ ಇಟ್ಟುಕೊಂಡಿರುತ್ತಾರೆ. ಬೆಟ್ಟದಲ್ಲಿ ಅದನ್ನು ಬಿಟ್ಟುಬಿಡಿ. ಮುಂದೆ 50/34ರ ಚಕ್ರ (50 ಹಲ್ಲಿನದೊಂದು, 34 ಹಲ್ಲಿನದೊಂದು), ಹಿಂದೆ 34 ಹಲ್ಲಿನ ತನಕ ಇರುವ ಕ್ಯಾಸೆಟ್, ಅಂದ್ರೆ ಹಲ್ಲಿನ ಚಕ್ರಗಳ ಗೊಂಚಲು, ಬೇಕು ಅಂತ ಬಾಡಿಗೆ ಅಂಗಡಿಗೆ ಮೊದಲೇ ಬರೆದು ಹೇಳಿ. ಮುಂದೆ 34, ಹಿಂದೆ 34 ಹಾಕಿದರೆ ಪೆಡಲ್ ಒಂದು ಸುತ್ತು ತಿರುಗಿದಾಗ ಗಾಲಿಯೂ ಒಂದೇ ಸುತ್ತು ತಿರುಗುತ್ತದೆ, ಸುಮಾರು 2.1 ಮೀಟರ್. ನಿಮಿಷಕ್ಕೆ 70 ಸುತ್ತು ತುಳಿದರೆ ಗಂಟೆಗೆ 9 ಕಿ.ಮೀ.ಗೆ ಸ್ವಲ್ಪ ಕಡಿಮೆ. ಕೇಳೋಕೆ ಕಡಿಮೆ ಅನಿಸಬಹುದು. ಆದರೆ ಶೇ. 7ರ ಏರಿನಲ್ಲಿ ಮಂಡಿ ನೋಯಿಸಿಕೊಳ್ಳದೆ, ಉಸಿರು ಕಟ್ಟದೆ ಒಂದು ತಾಸು ಹೋಗಲು ಬೇಕಾದ್ದು ಇದೇ ವೇಗ. ಭಾರದ ಗೇರ್ ಹಾಕಿ ನಿಮಿಷಕ್ಕೆ 50 ಸುತ್ತಿನಲ್ಲಿ ತಿಣುಕಾಡಿದರೆ ಮೂರನೇ ದಿನ ಮಂಡಿ ಮಾತು ಕೇಳುವುದಿಲ್ಲ.

ಏರಿನ ಅಭ್ಯಾಸಕ್ಕೆ ನಮ್ಮಲ್ಲಿ ಗಾಳಿ ಇದೆ. ಜೂನ್ ಜುಲೈನಲ್ಲಿ ಪಶ್ಚಿಮದಿಂದ ಬೀಸುವ ಗಾಳಿಗೆ ಎದುರಾಗಿ ತಿಕೋಟಾ, ಅಥಣಿ ದಿಕ್ಕಿಗೆ ಹೋಗಿ. ಮೊದಲ ವಾರಗಳಲ್ಲಿ ಒಂದೇ ಸಮನೆ 20 ನಿಮಿಷ, ನಡುವೆ ಪೆಡಲ್ ನಿಲ್ಲಿಸದೆ. ಆಮೇಲೆ 30, 40, ಕೊನೆಗೆ ಪೂರ್ತಿ ಒಂದು ತಾಸು. ಈ "ನಿಲ್ಲಿಸದೆ" ಅನ್ನುವುದೇ ಮುಖ್ಯ. ಬಯಲಲ್ಲಿ ನಮಗೆ ಗೊತ್ತಿಲ್ಲದೆಯೇ ನಾಲ್ಕು ಸುತ್ತು ತುಳಿದು ಎರಡು ಸುತ್ತು ಬಿಡುವ ರೂಢಿ ಇರುತ್ತದೆ, ಅಲ್ವಾ? ಏರಿನಲ್ಲಿ ಹಾಗೆ ಬಿಟ್ಟರೆ ಸೈಕಲ್ ನಿಂತೇ ಹೋಗುತ್ತದೆ. ಗಾಳಿಗೆ ಎದುರಾಗಿ ಹೋಗುವಾಗ ಗುಂಪಿನಲ್ಲಿ ಇನ್ನೊಬ್ಬರ ಹಿಂದೆ ಅಡಗಬೇಡಿ, ಬೆಟ್ಟದಲ್ಲಿ ಆ ಲಾಭ ಬಹಳ ಕಡಿಮೆ. ಎಷ್ಟು ಜೋರು ಅನ್ನುವುದಕ್ಕೆ ಒಂದೇ ಅಳತೆ ಸಾಕು: ಪಕ್ಕದವರಿಗೆ ಒಂದು ಪೂರ್ತಿ ವಾಕ್ಯ ಹೇಳೋಕಾಗಬೇಕು. ಎರಡು ಶಬ್ದಕ್ಕೇ ಉಸಿರು ಮುಗಿದರೆ ಜೋರಾಯಿತು. ಬೆಟ್ಟದ ಮೊದಲ ಎರಡು ಕಿಲೋಮೀಟರಿನಲ್ಲಿ ಎಲ್ಲರಿಗೂ ಹುರುಪು ಬರುತ್ತದೆ. ಅಲ್ಲೇ ಸಾವಕಾಶ ಮಾಡಿ.

ಇಳಿಜಾರು

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ.

ಮೊದಲ ಪಾಠ ಘಾಟಿನಲ್ಲಿ ಬೇಡ, ಖಾಲಿ ಮೈದಾನದಲ್ಲಿ. ಶಾಲೆಯ ಮೈದಾನವೋ, ಹೊಸ ಲೇಔಟಿನ ಓಡಾಟವಿಲ್ಲದ ರಸ್ತೆಯೋ ಸಾಕು. ನೀರಿನ ಬಾಟಲಿ ಒಂದನ್ನು ನೆಲದ ಮೇಲಿಡಿ. 30ರ ವೇಗದಲ್ಲಿ ಬಂದು ಅದರ ಪಕ್ಕಕ್ಕೆ ಸರಿಯಾಗಿ ನಿಲ್ಲಿ. ಮುಂದೆಯೂ ಹೋಗಬಾರದು, ಹಿಂದೆಯೂ ಉಳಿಯಬಾರದು. ಒಮ್ಮೆ ಹಿಂದಿನ ಬ್ರೇಕ್ ಒಂದರಿಂದಲೇ ನಿಲ್ಲಿಸಿ ನೋಡಿ, ಗಾಲಿ ಜಾರುತ್ತದೆ, ದೂರ ಹೋಗಿ ನಿಲ್ಲುತ್ತದೆ. ಆಮೇಲೆ ಎರಡೂ ಬ್ರೇಕ್ ಒಟ್ಟಿಗೆ ಹಿಡಿದು, ಮುಂದಿನದನ್ನು ನಿಧಾನಕ್ಕೆ ಬಿಗಿ ಮಾಡುತ್ತಾ, ಸೊಂಟವನ್ನು ಸೀಟಿನ ಹಿಂಭಾಗಕ್ಕೆ ಸರಿಸಿ ನಿಲ್ಲಿಸಿ. ವ್ಯತ್ಯಾಸ ಕೈಗೇ ಗೊತ್ತಾಗುತ್ತದೆ. ಬ್ರೇಕ್ ಹಿಡಿದಾಗ ಭಾರವೆಲ್ಲ ಮುಂದಕ್ಕೆ ಬರುತ್ತದೆ, ಅದಕ್ಕೆ ನಿಜವಾಗಿ ನಿಲ್ಲಿಸುವುದು ಮುಂದಿನ ಬ್ರೇಕೇ. ಮುಂದಿನ ಬ್ರೇಕ್ ಮುಟ್ಟಬೇಡ ಅಂತ ಚಿಕ್ಕಂದಿನಲ್ಲಿ ಹಿರಿಯರು ಹೇಳಿದ ಮಾತು ನಮ್ಮೆಲ್ಲರ ತಲೆಯಲ್ಲಿ ಕೂತಿದೆ. ಬೆಟ್ಟಕ್ಕೆ ಹೋಗುವ ಮುಂಚೆ ಅದನ್ನು ತೆಗೆದುಹಾಕಲೇಬೇಕು.

ಮೈದಾನದಲ್ಲೇ ಇನ್ನೊಂದು ಕೆಲಸ. ಎರಡು ಚಪ್ಪಲಿಗಳನ್ನು ಸ್ವಲ್ಪ ದೂರ ಇಟ್ಟು ಅವುಗಳ ಸುತ್ತ ಇಂಗ್ಲಿಷ್ ಎಂಟರ ಆಕಾರದಲ್ಲಿ ತಿರುಗಿ. ತಿರುವಿನ ಹೊರಗಿನ ಕಾಲು ಕೆಳಗೆ, ಭಾರ ಪೂರ್ತಿ ಅದರ ಮೇಲೆ, ಒಳಗಿನ ಪೆಡಲ್ ಮೇಲೆ. ಕಣ್ಣು ಗಾಲಿಯ ಮುಂದಿನ ನೆಲದ ಮೇಲಲ್ಲ, ತಿರುವು ಮುಗಿದ ಮೇಲೆ ನೀವು ಹೋಗಬೇಕಾದ ಜಾಗದ ಮೇಲೆ. ಕಣ್ಣು ಎಲ್ಲಿಗೋ ಸೈಕಲ್ ಅಲ್ಲಿಗೆ. ಗುಂಡಿ ನೋಡಿದರೆ ಗುಂಡಿಗೇ ಹೋಗುತ್ತೀರಿ.

ಇದು ಕೈಗೆ ಹತ್ತಿದ ಮೇಲೆ ಬೆಳಗಾವಿ ಕಡೆ ನಡೆಯಿರಿ. ಯಳ್ಳೂರಿನ ರಾಜಹಂಸಗಡ ಚಿಕ್ಕ ಏರು, ಆದರೆ ಕಡಿದಾಗಿದೆ. ಮುಂಜಾನೆ ಬೇಗ ಹೋದರೆ ಹತ್ತಿ, ಇಳಿದು, ಮತ್ತೆ ಹತ್ತಬಹುದು. ಆಮೇಲೆ ಅಂಬೋಲಿ ಘಾಟ್. ಮಳೆಗಾಲದಲ್ಲಿ ಬೇಡವೇ ಬೇಡ. ಮಂಜು, ಉರುಳಿದ ಕಲ್ಲು, ಜಲಪಾತ ನೋಡಲು ಬಂದವರ ಗದ್ದಲ. ನವೆಂಬರಿನಿಂದ ಫೆಬ್ರುವರಿ ತನಕ, ವಾರದ ನಡುವಿನ ದಿನ, ಬೆಳಕು ಹರಿದ ಕೂಡಲೇ. ಚೋರ್ಲಾ ಘಾಟ್ ನೋಡೋಕೆ ಚೆಂದವೇ, ಆದರೆ ಗೋವಾ ಕಡೆಯ ವಾಹನ ಜಾಸ್ತಿ. ಹೊಸಬರಿಗೆ ನಾನು ಹೇಳುವುದಿಲ್ಲ.

ಘಾಟಿನಲ್ಲಿ ಕೈ ಹ್ಯಾಂಡಲಿನ ಕೆಳಗಿನ ಬಾಗಿನಲ್ಲಿರಲಿ. ಅಲ್ಲಿಂದ ಬ್ರೇಕಿಗೆ ಬಲ ಚೆನ್ನಾಗಿ ಸಿಗುತ್ತದೆ, ಮೈಯ ಭಾರವೂ ತಗ್ಗಿನಲ್ಲಿರುತ್ತದೆ. ಬ್ರೇಕ್ ಹಿಡಿಯುವುದು ತಿರುವಿಗೆ ಮುಂಚೆ, ಸೈಕಲ್ ನೆಟ್ಟಗಿರುವಾಗಲೇ. ಬಗ್ಗಿದ ಮೇಲೆ ಮುಂದಿನ ಬ್ರೇಕ್ ಜೋರಾಗಿ ಹಿಡಿದರೆ ಗಾಲಿ ಜಾರುತ್ತದೆ. ಇಳಿಜಾರಿನುದ್ದಕ್ಕೂ ಹಗುರವಾಗಿ ಹಿಡಿದುಕೊಂಡೇ ಇರುವ ಅಭ್ಯಾಸ ಬಿಡಿ, ಬ್ರೇಕ್ ಬಿಸಿಯಾಗಿ ಹಿಡಿತ ಕಳೆದುಕೊಳ್ಳುತ್ತದೆ, ಬೆರಳೂ ಮರಗಟ್ಟುತ್ತವೆ. ಜೋರಾಗಿ ಹಿಡಿ, ವೇಗ ಇಳಿಸು, ಬಿಡು. ಮತ್ತೆ ಬೇಕಾದಾಗ ಹಿಡಿ. ಬಿಟ್ಟ ಆ ಹೊತ್ತಿನಲ್ಲಿ ಬ್ರೇಕೂ ಆರುತ್ತದೆ, ಕೈಯೂ ಆರುತ್ತದೆ.

ಒಂದು ಸಂಗತಿ ಮಾತ್ರ ಅಂಬೋಲಿಯಲ್ಲಿ ಕಲಿಯಲಾಗುವುದಿಲ್ಲ, ಅಲ್ಲಿ ಕಲಿತದ್ದು ಯುರೋಪಿನಲ್ಲಿ ತಿರುವುಮುರುವಾಗುತ್ತದೆ. ನಾವು ರಸ್ತೆಯ ಎಡಕ್ಕೆ ಹೋಗುವವರು. ನಮಗೆ ಎಡ ತಿರುವು ಇಕ್ಕಟ್ಟು, ಬಲ ತಿರುವು ವಿಶಾಲ. ಸ್ಪೇನ್, ಇಟಲಿ, ಫ್ರಾನ್ಸಿನಲ್ಲಿ ಬಲಕ್ಕೆ ಹೋಗಬೇಕು, ಹಾಗಾಗಿ ಬಲ ಹೇರ್‌ಪಿನ್ ಇಕ್ಕಟ್ಟಾಗಿ ಒಳಗೇ ತಿರುಗುತ್ತದೆ. ಎಡ ಹೇರ್‌ಪಿನ್ ವಿಶಾಲ, ಆದರೆ ಅಲ್ಲೇ ಅಪಾಯ: ದಣಿದಾಗ, ಗಮನ ತಪ್ಪಿದಾಗ ಕೈ ತಾನಾಗಿಯೇ ಎಡ ಅಂಚಿಗೆ ಎಳೆಯುತ್ತದೆ. ಅಂದ್ರೆ ಎದುರು ಬರುವವರ ದಾರಿಗೆ. ಮೊದಲ ದಿನ ಬೆಟ್ಟ ಬೇಡ, ಬಯಲಲ್ಲೇ 40–50 ಕಿ.ಮೀ. ತಿರುಗಿ ಬಲ ಬದಿ ರೂಢಿ ಮಾಡಿಕೊಳ್ಳಿ. ಅದರಲ್ಲೂ ಚಹಾ ಕುಡಿಯಲು, ಫೋಟೋ ತೆಗೆಯಲು ನಿಂತು ಮತ್ತೆ ಹೊರಡುವ ಆ ಗಳಿಗೆಯಲ್ಲಿ ತಪ್ಪುವುದು ಜಾಸ್ತಿ. ಹೊರಡುವ ಮುಂಚೆ ಜೊತೆಗಾರರಲ್ಲಿ ಒಬ್ಬರು ಗಟ್ಟಿಯಾಗಿ "ಬಲಕ್ಕೆ" ಅನ್ನುವ ಪದ್ಧತಿ ಇಟ್ಟುಕೊಳ್ಳಿ. ರೌಂಡಬೌಟಿನಲ್ಲಿ ಗಡಿಯಾರದ ಮುಳ್ಳಿಗೆ ವಿರುದ್ಧ ದಿಕ್ಕಿನಲ್ಲಿ ಸುತ್ತಬೇಕು, ಎಡದಿಂದ ಬರುವವರಿಗೆ ಮೊದಲು ಬಿಡಬೇಕು. ದಕ್ಷಿಣ ಯುರೋಪಿನಲ್ಲೇ ಮಾಲ್ಟಾ ಮತ್ತು ಸೈಪ್ರಸ್ ಮಾತ್ರ ನಮ್ಮ ಹಾಗೆ ಎಡಕ್ಕೆ.

ಬಾಡಿಗೆ ಅಂಗಡಿಯಲ್ಲಿ

ಸೈಕಲ್ ಇಲ್ಲಿಂದ ಒಯ್ಯಬೇಡಿ. ಒಂದು ವಾರದ ಪ್ರವಾಸಕ್ಕೆ ಪೆಟ್ಟಿಗೆ, ವಿಮಾನದ ಹೆಚ್ಚುವರಿ ಶುಲ್ಕ, ಒಡೆಯುವ ಭಯ, ಇದೆಲ್ಲ ಬೇಡದ ತಲೆನೋವು. ಮಯೋರ್ಕಾದ ಕರಾವಳಿ ಊರುಗಳಲ್ಲಿ ಒಳ್ಳೆಯ ರೋಡ್ ಬೈಕ್ ಬಾಡಿಗೆಗೆ ಸಿಗುತ್ತದೆ. ನಿಮ್ಮ ಪೆಡಲ್, ಶೂ, ಹೆಲ್ಮೆಟ್ ಒಯ್ಯಿರಿ, ಬೇಕಾದರೆ ಸೀಟೂ ಒಯ್ಯಿರಿ. ಎರಡೂ ಪೆಡಲಿನ ತೋಳುಗಳು ಸೇರುವ ಅಚ್ಚಿನ ಮಧ್ಯದಿಂದ ಸೀಟಿನ ಮೇಲ್ಭಾಗದ ತನಕ ಟೇಪ್ ಹಿಡಿದು ಅಳೆದು ಬರೆದಿಟ್ಟುಕೊಳ್ಳಿ. ಆ ಒಂದು ಅಳತೆ ಇದ್ದರೆ ಅಂಗಡಿಯಲ್ಲಿ ಅರ್ಧ ಕೆಲಸ ಮುಗಿದಂತೆ.

ಈಗ ಬ್ರೇಕ್. ನಮ್ಮಲ್ಲಿ ಸಾಮಾನ್ಯವಾಗಿ ಬಲಗೈಗೆ ಮುಂದಿನ ಬ್ರೇಕ್, ಮೋಟಾರ್ ಸೈಕಲ್ಲಿನಲ್ಲೂ ಹಾಗೇ. ಸ್ಪೇನ್, ಇಟಲಿ, ಫ್ರಾನ್ಸಿನ ಬಾಡಿಗೆ ಸೈಕಲ್ಲುಗಳಲ್ಲಿ ಸಾಮಾನ್ಯವಾಗಿ ಎಡಗೈಗೆ ಮುಂದಿನದು, ಬಲಗೈಗೆ ಹಿಂದಿನದು. ಸೈಕಲ್ ಕೈಗೆ ಕೊಟ್ಟ ತಕ್ಷಣ, ಹತ್ತುವ ಮೊದಲೇ, ಗಾಲಿ ತಿರುಗಿಸಿ ಒಂದೊಂದೇ ಲಿವರ್ ಒತ್ತಿ ನೋಡಿ. ಅದಲುಬದಲು ಮಾಡಿಕೊಡುತ್ತೀರಾ ಅಂತ ಕೇಳಿ. ಆಗುವುದಿಲ್ಲ ಅಂದರೆ ಅಂಗಡಿಯ ಮುಂದಿನ ಜಾಗದಲ್ಲೇ ಬಾಟಲಿ ಇಟ್ಟು ನಿಲ್ಲಿಸುವ ಅಭ್ಯಾಸವನ್ನು ಇನ್ನೊಮ್ಮೆ ಮಾಡಿ. ನಾಚಿಕೆ ಪಡಬೇಡಿ, ಹತ್ತು ನಿಮಿಷದ ಕೆಲಸ. ಟೈರ್ 28 ಮಿ.ಮೀ. ಇದ್ದರೆ ಚಲೋ. ಸ್ಪೇರ್ ಟ್ಯೂಬ್, ಪಂಪ್, ಟೈರ್ ಲಿವರ್ ಚೀಲದಲ್ಲಿ ಇದೆಯಾ ನೋಡಿಕೊಳ್ಳಿ. ಬೆಟ್ಟದ ನಡುವೆ ಪಂಕ್ಚರ್ ಅಂಗಡಿ ಇರುವುದಿಲ್ಲ. ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಬೇಕೇ ಬೇಕು, ದಾರಿಯಲ್ಲಿ ಸುರಂಗಗಳಿವೆ. ಹೆಲ್ಮೆಟ್ ಸ್ಪೇನಿನಲ್ಲಿ ಊರ ಹೊರಗೆ ಕಾನೂನು. ಬಿದ್ದರೆ, ಏಟಾದರೆ 112ಕ್ಕೆ ಫೋನ್ ಮಾಡಿ, ಯುರೋಪಿನ ಒಕ್ಕೂಟದ ಎಲ್ಲ ದೇಶಗಳಲ್ಲೂ ಅದೇ ನಂಬರ್.

ಅಲ್ಲಿನ ಚಾಲಕರ ಬಗ್ಗೆ ಒಂದು ಮಾತು. ಸ್ಪೇನಿನಲ್ಲಿ ಸೈಕಲ್ ದಾಟುವಾಗ 1.5 ಮೀಟರ್ ಜಾಗ ಬಿಡಬೇಕು ಅಂತ ನಿಯಮ. ಜಾಗ ಸಿಗುವ ತನಕ ಕಾರು ನಿಮ್ಮ ಹಿಂದೆಯೇ ಬರುತ್ತದೆ, ಹಾರ್ನ್ ಹೊಡೆಯುವುದಿಲ್ಲ. ಹಾರ್ನ್ ಕೇಳಿಯೇ ಹಿಂದೆ ಯಾರಿದ್ದಾರೆ ಅಂತ ತಿಳಿಯುವ ನಮಗೆ ಇದು ಮೊದಮೊದಲು ಗಲಿಬಿಲಿ. ಆಗಾಗ ತಿರುಗಿ ನೋಡಿ. ಗಾಬರಿಯಾಗಿ ರಸ್ತೆ ಬಿಟ್ಟು ಮಣ್ಣಿಗೆ ಇಳಿಯಬೇಡಿ.

ಬುತ್ತಿ, ನೀರು

ಎರಡು ತಾಸಿಗಿಂತ ಜಾಸ್ತಿ ಹೊತ್ತಿನ ಸವಾರಿಯಲ್ಲಿ ತಾಸಿಗೆ 30ರಿಂದ 60 ಗ್ರಾಂ ಸಕ್ಕರೆ ಪಿಷ್ಟ ಒಳಗೆ ಹೋಗಬೇಕು. ಒಂದು ಬಾಳೆಹಣ್ಣಿನಲ್ಲಿ ಸುಮಾರು 25 ಗ್ರಾಂ. ಹಸಿವಾದ ಮೇಲೆ ತಿಂದರೆ ತಡವಾಯಿತು. ಇಲ್ಲಿ ಅಭ್ಯಾಸ ಮಾಡುವಾಗ ಗೋಕಾಕ ಅಥವಾ ಅಮೀನಗಡದ ಕರದಂಟನ್ನು ಚಿಕ್ಕ ಚೂರು ಮಾಡಿ ಜೇಬಿನಲ್ಲಿಡಿ. ಬೆಲ್ಲ, ಅಂಟು, ಒಣಹಣ್ಣು, ಕೊಬ್ಬರಿ: ಪೇಟೆಯ ಯಾವ ಎನರ್ಜಿ ಬಾರಿಗೂ ಕಡಿಮೆಯಿಲ್ಲ ಅನ್ನುವುದು ನನ್ನ ಅಭಿಪ್ರಾಯ. ಯುರೋಪಿಗೆ ಹೊರಗಿನಿಂದ ಮಾಂಸ, ಹಾಲಿನ ಪದಾರ್ಥ ಒಯ್ಯುವಂತಿಲ್ಲ, ಹಾಗಾಗಿ ಬೆಳಗಾವಿ ಕುಂದಾ, ತುಪ್ಪ ಚೀಲದಲ್ಲಿ ಬೇಡ. ಕಟಕ ರೊಟ್ಟಿ, ಶೇಂಗಾ ಚಟ್ನಿಪುಡಿ ಇಟ್ಟುಕೊಳ್ಳಿ. ರಾತ್ರಿ ಕೋಣೆಯಲ್ಲಿ ಮೊಸರು ಕೊಂಡು ತಂದರೆ ಊಟವಾಯಿತು.

ಸಸ್ಯಾಹಾರಿಗಳು ಎಚ್ಚರ: ಸ್ಪೇನಿನಲ್ಲಿ "ವೆಜೆತಾಲ್" ಅಂತ ಬರೆದ ಬ್ರೆಡ್ಡಿನೊಳಗೂ ಟ್ಯೂನಾ ಮೀನು ಇರುವುದುಂಟು. ಮಾಂಸ ಬೇಡ, ಮೀನು ಬೇಡ, ಎರಡನ್ನೂ ಬಿಡಿಸಿ ಹೇಳಿ. ಮಯೋರ್ಕಾದ ತುಂಬೆತ್ ಅನ್ನುವ ಅಡುಗೆ ಕೇಳಿ. ಬದನೆಕಾಯಿ, ಆಲೂಗಡ್ಡೆ, ದಪ್ಪ ಮೆಣಸಿನಕಾಯಿ ಹುರಿದು ಟೊಮೆಟೊ ಸಾರು ಸುರಿದಿರುತ್ತಾರೆ, ನಮ್ಮ ನಾಲಿಗೆಗೆ ಹತ್ತಿರ. ಸಣ್ಣ ಊರುಗಳಲ್ಲಿ ಮಧ್ಯಾಹ್ನ ಅಂಗಡಿ ಮುಚ್ಚಿರುತ್ತವೆ, ನೀರು ಬೆಳಿಗ್ಗೆಯೇ ತುಂಬಿಸಿಕೊಳ್ಳಿ. ನಲ್ಲಿಯ ಮೇಲೆ "ನೋ ಪೊತಾಬ್ಲೆ" ಅಂತ ಇದ್ದರೆ ಆ ನೀರು ಕುಡಿಯುವಂಥದ್ದಲ್ಲ.

ಸಾ ಕಲೋಬ್ರಾ ದಿನ

ಮಯೋರ್ಕಾಕ್ಕೆ ಹೋದವರೆಲ್ಲ ಕೊನೆಗೆ ಹೋಗುವುದು ಇಲ್ಲಿಗೇ. 1932ರಲ್ಲಿ ಆಂಟೋನಿಯೋ ಪರಿಯೆಟ್ಟಿ ಅನ್ನುವ ಎಂಜಿನಿಯರ್ ರೂಪಿಸಿದ ರಸ್ತೆ ಇದು. ಸುಮಾರು 9.5 ಕಿ.ಮೀ., ಸರಾಸರಿ ಶೇ. 7, 26 ಹೇರ್‌ಪಿನ್. ಒಂದು ಕಡೆ ರಸ್ತೆ ಪೂರ್ತಿ ಸುತ್ತು ಹಾಕಿ ತನ್ನದೇ ಕೆಳಗೆ ನುಸುಳಿ ಹೋಗುತ್ತದೆ. ಈ ರಸ್ತೆ ಕೆಳಗೆ ಸಮುದ್ರದ ಹತ್ತಿರ ಮುಗಿದುಹೋಗುತ್ತದೆ. ಹಾಗಾಗಿ ಮೇಲಿನಿಂದ, ಕೋಲ್ ದೆಲ್ಸ್ ರೆಯಿಸ್ ಕಣಿವೆ ದಾರಿಯಿಂದ ಮೊದಲು ಇಳಿಯಬೇಕು, ಆಮೇಲೆ ಅದೇ ದಾರಿ ಹತ್ತಬೇಕು. ಇಳಿಯುವುದನ್ನು ಮೊದಲು ಕಲಿಯಿರಿ ಅಂತ ಇಷ್ಟೊತ್ತು ಹೇಳಿದ್ದಕ್ಕೆ ಇದಕ್ಕಿಂತ ನೇರ ಕಾರಣ ಬೇಕಿಲ್ಲ.

ಪ್ರವಾಸದ ನಾಲ್ಕನೇ ಐದನೇ ದಿನಕ್ಕೆ ಇದನ್ನು ಇಟ್ಟುಕೊಳ್ಳಿ. ಕೈಮಾರಿಯಿಂದ ಸಾ ಬತಾಯಾ ಹತ್ತಿದರೆ ಮೇಲೆ ಪೆಟ್ರೋಲ್ ಬಂಕ್ ಪಕ್ಕ ಕಾಫಿ ಅಂಗಡಿ ಇದೆ, ಸೈಕಲ್ಲಿನವರು ಗುಂಪುಗುಂಪಾಗಿ ನಿಲ್ಲುವ ಜಾಗ. ಅಲ್ಲಿ ನೀರು ತುಂಬಿಸಿಕೊಂಡು, ಏನಾದರೂ ತಿಂದು ಮುಂದೆ ಹೋಗಿ. ಪ್ರವಾಸಿ ಬಸ್ಸುಗಳು ಹೊತ್ತೇರಿದ ಮೇಲೆ ಬರುತ್ತವೆ. ಇಕ್ಕಟ್ಟಿನ ತಿರುವಿನಲ್ಲಿ ಬಸ್ಸಿಗೆ ಇಡೀ ರಸ್ತೆ ಬೇಕು, ಆದ್ದರಿಂದ ಅವು ಬರುವ ಮೊದಲೇ ಕೆಳಗಿಳಿದಿರಬೇಕು. ಇಳಿಯುವ ಮುಂಚೆ ಗಾಳಿ ತಡೆಯುವ ತೆಳು ಜಾಕೆಟ್ ಹಾಕಿ. ಬೆವರಿದ ಅಂಗಿಗೆ ತಣ್ಣನೆ ಗಾಳಿ ಬಡಿದರೆ ಕೈ ನಡುಗುತ್ತದೆ, ನಡುಗುವ ಕೈಗೆ ಬ್ರೇಕ್ ಸಿಗುವುದಿಲ್ಲ. ಜಾಕೆಟ್ ಇಲ್ಲದಿದ್ದರೆ ದಿನಪತ್ರಿಕೆಯನ್ನು ಅಂಗಿಯೊಳಗೆ ಎದೆಗೆ ಇಟ್ಟುಕೊಳ್ಳುವ ಹಳೇ ರೇಸರುಗಳ ಉಪಾಯ ಇಂದಿಗೂ ಕೆಲಸಕ್ಕೆ ಬರುತ್ತದೆ.

ಕೆಳಗೆ ಜಾಸ್ತಿ ಹೊತ್ತು ಕೂರಬೇಡಿ, ಕಾಲು ಬಿಗಿದುಕೊಳ್ಳುತ್ತವೆ. ಜಾಕೆಟ್ ತೆಗೆದು, ಅರ್ಧ ಬಾಳೆಹಣ್ಣು ತಿಂದು, 34/34 ಗೇರಿನಲ್ಲೇ ಶುರು ಮಾಡಿ. ಆ ಲೆಕ್ಕದ 9ರ ವೇಗದಲ್ಲಿ ತುದಿಗೆ ಒಂದು ತಾಸಿನ ಮೇಲೆ ಐದಾರು ನಿಮಿಷ. ಬೇರೆಯವರು ಸರ್ರನೆ ದಾಟಿ ಹೋಗುತ್ತಾರೆ, ಹೋಗಲಿ. ಹೇರ್‌ಪಿನ್ನಿನಲ್ಲಿ ಹೊರಗಿನ ಅಂಚಿಗೆ ಏರು ಸ್ವಲ್ಪ ಕಡಿಮೆ ಇರುತ್ತದೆ. ಬಲಕ್ಕೆ ಹೋಗುವ ನಿಮಗೆ ಎಡ ತಿರುವುಗಳಲ್ಲಿ ಆ ಅಂಚೇ ಸಿಗುತ್ತದೆ, ಅಲ್ಲಿ ಉಸಿರು ತೆಗೆದುಕೊಳ್ಳಿ, ಎರಡು ಗುಟುಕು ನೀರು ಕುಡಿಯಿರಿ.

ಮಾರನೇ ದಿನ ಕಾಲಿನಲ್ಲಿ ಶಕ್ತಿ ಉಳಿದಿದ್ದರೆ ಪೋರ್ಟ್ ದೆ ಪೊಯೆನ್ಸಾದಿಂದ ಫೊರ್ಮೆಂತೋರ್ ದೀಪಸ್ತಂಭದ ರಸ್ತೆ ಹಿಡಿಯಿರಿ. ದೂರ ಜಾಸ್ತಿಯಿಲ್ಲ, ಏರಿಳಿತ ಜಾಸ್ತಿ, ದಾರಿಯಲ್ಲಿ ಕತ್ತಲೆಯ ಸುರಂಗ ಒಂದಿದೆ. ಅದಕ್ಕೆ ಮುಂಚೆ ದೀಪ ಹಚ್ಚಿಕೊಳ್ಳಿ, ಕಪ್ಪು ಕನ್ನಡಕ ತೆಗೆಯಿರಿ.